ಓದುಗರ ಪ್ರಶ್ನೆ: ಹನ್ನೆರಡು ಹೊಲ, ನಲವತ್ತು ಬುಟ್ಟಿ

ಪ್ರಶ್ನೆ: ನಾವು 12 ಮನೆಯವರು ಸೇರಿ ಪಟ್ಟಣದ 40 ಮನೆಗಳಿಗೆ ಪ್ರತಿ ಶನಿವಾರ ತರಕಾರಿ ಬುಟ್ಟಿ ಕೊಡುತ್ತಿದ್ದೇವೆ. ಒಂದು ತಿಂಗಳು ಬುಟ್ಟಿ ತುಂಬ ಬದನೆಕಾಯಿ, ಮುಂದಿನ ತಿಂಗಳು ಬುಟ್ಟಿಯೇ ತುಂಬುವುದಿಲ್ಲ. ಗಿರಾಕಿಗಳು ಬಿಡುತ್ತಿದ್ದಾರೆ.
– ರೈತ ಗುಂಪು, ಕಡೂರು ತಾಲ್ಲೂಕು

ಉತ್ತರ: ನೀವು ಹೊಲದಿಂದ ಬುಟ್ಟಿಗೆ ಲೆಕ್ಕ ಹಾಕುತ್ತಿದ್ದೀರಿ. ಬುಟ್ಟಿಯಿಂದ ಹೊಲಕ್ಕೆ ಹಾಕಿ ನೋಡಿ. ಮನೆಗೆ ವಾರಕ್ಕೆ ಅರ್ಧ ಕೆಜಿಯಂತೆ 40 ಮನೆಗೆ 20 ಕೆಜಿ ಬದನೆ ಸಾಕು. ಅದಕ್ಕೆ ಸುಮಾರು 150 ಗಿಡ, ಅಂದರೆ ಒಂದು ಗುಂಟೆಯೂ ಬೇಡ. ಹನ್ನೆರಡೂ ಮನೆಯವರು ನಾಟಿ ಮಾಡಿದರೆ ಊರ ದನಕ್ಕೂ ಬದನೆ ಸಾಕಾಗಿಹೋಗುತ್ತದೆ!

ಬೀನ್ಸ್ ಲೆಕ್ಕ ಬೇರೆ. ಬಿತ್ತಿದ 45–50 ದಿನಕ್ಕೆ ಕೊಯ್ಲು ಶುರು, ಮೂರು ವಾರಕ್ಕೆ ಮುಗಿಯಿತು. ಗುಂಟೆಗೆ ಒಟ್ಟು 80 ಕೆಜಿ ಹಿಡಿಯಿರಿ. ಆದರೆ ಮೊದಲ ವಾರ ಕಡಿಮೆ, ನಡುವಿನ ವಾರ ಜಾಸ್ತಿ, ಕೊನೆಗೆ ಮತ್ತೆ ಕಡಿಮೆ. ಆದ್ದರಿಂದ ಒಟ್ಟಿಗೆ ಒಂದು ಗುಂಟೆ ಬಿತ್ತದೆ, ಹತ್ತು ದಿನಕ್ಕೊಮ್ಮೆ ಅರ್ಧ ಗುಂಟೆ ಬಿತ್ತಿ, ಮನೆಯಿಂದ ಮನೆಗೆ ಪಾಳಿ ಹಾಕಿಕೊಳ್ಳಿ. ಹರಿವೆ, ಮೆಂತ್ಯ 25–30 ದಿನದ ಬೆಳೆ. ವಾರಕ್ಕೊಂದು ಮಡಿ ಬಿತ್ತಲೇಬೇಕು. ಹೆಚ್ಚಿನ ಗುಂಪುಗಳು ಮುಗ್ಗರಿಸುವುದು ಇಲ್ಲೇ: ಹಬ್ಬಕ್ಕೋ ಮದುವೆಗೋ ಒಂದು ವಾರ ಬಿತ್ತನೆ ತಪ್ಪುತ್ತದೆ, ಅದು ಕಣ್ಣಿಗೆ ಬೀಳುವುದು ತಿಂಗಳಾದ ಮೇಲೆ. ಯಾರು, ಯಾವ ತಾರೀಕು, ಎಷ್ಟು ಗುಂಟೆ ಎಂದು ದೊಡ್ಡ ಹಾಳೆಯಲ್ಲಿ ಬರೆದು ಎಲ್ಲರಿಗೂ ಕಾಣುವ ಗೋಡೆಗೆ ಅಂಟಿಸಿ. ಒಬ್ಬರ ಫೋನಿನಲ್ಲಿರುವ ಪಟ್ಟಿಯನ್ನು ಉಳಿದ ಹನ್ನೊಂದು ಮನೆಯವರು ನೋಡುವುದಿಲ್ಲ.

ಪ್ರಶ್ನೆ: ಶುಕ್ರವಾರ ಸಂಜೆ ಕಿತ್ತ ಸೊಪ್ಪು ಬೆಳಗಾಗುವಷ್ಟರಲ್ಲಿ ಬಾಡುತ್ತದೆ. ಶೀತಲಗೃಹಕ್ಕೆ ಹಣವಿಲ್ಲ.

ಉತ್ತರ: ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ, ಕರೆಂಟ್ ಬೇಡದ ತಂಪು ಕೋಣೆ ಕಟ್ಟಿಕೊಳ್ಳಿ. ಸುಮಾರು 400 ಇಟ್ಟಿಗೆ ಬೇಕು, 100 ಕೆಜಿ ಹಿಡಿಯುತ್ತದೆ. ಗಾಳಿಯಾಡುವ ಎತ್ತರದ ಜಾಗದಲ್ಲಿ 165×115 ಸೆಂ.ಮೀ. ಇಟ್ಟಿಗೆ ಹಾಸಿ, ಅದರ ಮೇಲೆ 67.5 ಸೆಂ.ಮೀ. ಎತ್ತರಕ್ಕೆ ಜೋಡಿ ಗೋಡೆ ಎಬ್ಬಿಸಿ. ಗೋಡೆಗಳ ನಡುವೆ 7.5 ಸೆಂ.ಮೀ. ಸಂದು ಬಿಟ್ಟು ನೆನೆದ ಹೊಳೆ ಮರಳು ತುಂಬಿ. ಮುಚ್ಚಳಕ್ಕೆ ಬಿದಿರಿನ ಚೌಕಟ್ಟು, ಅದರ ಮೇಲೆ ಒದ್ದೆ ಗೋಣಿ. ಇಡೀ ಕೋಣೆಗೆ ಗರಿಯ ಚಪ್ಪರ. ಬೆಳಿಗ್ಗೆ, ಸಂಜೆ ಮರಳಿಗೆ ನೀರು.

ಚೆನ್ನಾಗಿ ಕಾಣಲೆಂದು ಹೊರಗೋಡೆಗೆ ಸಿಮೆಂಟ್ ಬಳಿಯಬೇಡಿ. ನೀರು ಆವಿಯಾಗದಿದ್ದರೆ ತಂಪೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಒಳಗಿಟ್ಟರೆ ತೇವಕ್ಕೆ ಕೊಳೆಯುತ್ತವೆ. ಮಾಗಿದ ಬಾಳೆಹಣ್ಣಿನ ಪಕ್ಕದಲ್ಲಿ ಸೊಪ್ಪು ಬೇಗ ಹಳದಿಯಾಗುತ್ತದೆ. ಜಡಿಮಳೆಯ ದಿನಗಳಲ್ಲಿ ಇದು ಅಷ್ಟಾಗಿ ಕೆಲಸ ಮಾಡದು. ಆಗ ಶನಿವಾರ ನಸುಕಿನಲ್ಲೇ ಕಿತ್ತು ಕಳಿಸುವುದು ಮೇಲು.

ಪ್ರಶ್ನೆ: ಸಂತೆಯಲ್ಲಿ ಬೆಲೆ ಏರಿದ ವಾರ ನಮ್ಮವರೇ ಮಾಲನ್ನು ದಲ್ಲಾಳಿಗೆ ಹಾಕುತ್ತಾರೆ.

ಉತ್ತರ: ಬೈದರೆ ನಿಲ್ಲುವುದಿಲ್ಲ. ಮೂರು ತಿಂಗಳಿಗೊಮ್ಮೆ ಬೆಲೆ ಗೊತ್ತುಮಾಡಿ, ಗಿರಾಕಿಗಳಿಂದ ತಿಂಗಳ ಹಣ ಮುಂಗಡ ಪಡೆಯಿರಿ. ಬೆಳೆದವರಿಗೆ ಪ್ರತಿ ವಾರ ನೂರಕ್ಕೆ 90 ಕೊಟ್ಟು, ಉಳಿದ 10 ಗುಂಪಿನ ಖಾತೆಯಲ್ಲಿರಲಿ. ಒಪ್ಪಿದಷ್ಟು ಮಾಲು ಕೊಟ್ಟವರಿಗೆ ಮೂರು ತಿಂಗಳ ಕೊನೆಗೆ ಪೂರ್ತಿ ವಾಪಸ್. ಮಳೆಗೋ ಹುಳಕ್ಕೋ ಬೆಳೆ ಹೋದವರ ಹಣ ಹಿಡಿಯಬೇಡಿ. ಹೊಲಕ್ಕೆ ಹೋಗಿ ನೋಡಿಬರಲು ಇಬ್ಬರನ್ನು ಮೊದಲೇ ನೇಮಿಸಿ, ಅವರಲ್ಲಿ ಒಬ್ಬರು ಗಿರಾಕಿ ಆಗಿರಲಿ.