ಮಾಂಟ್ರಿಯಲ್‌ಗೆ ಹೊರಟವರಿಗೆ

ಮುಂದಿನ ತಿಂಗಳು ಪಿ.ಆರ್. (ಕಾಯಂ ನಿವಾಸದ ಪರವಾನಗಿ) ಮೇಲೆ ಕೆನಡಾದ ಈ ಊರಿಗೆ, ಫ್ರೆಂಚ್ ಮಾತಾಡುವವರೇ ಹೆಚ್ಚಿರುವ ಕ್ವಿಬೆಕ್ ಪ್ರಾಂತ್ಯಕ್ಕೆ ಬರುತ್ತಿದ್ದೀರಿ. ಮಗನನ್ನು ಇಂಗ್ಲಿಷ್ ಶಾಲೆಗೆ ಹಾಕಬಹುದೇ, ಈ ಫ್ರೆಂಚ್-ಇಂಗ್ಲಿಷ್ ಜಗಳದಲ್ಲಿ ದೇಶವೇ ಒಡೆದರೆ ನಮ್ಮ ಗತಿಯೇನು ಎಂದು ಕೇಳಿದ್ದೀರಿ.

ಮೊದಲು ಸಣ್ಣಪುಟ್ಟದ್ದು. ಬೂಟು, ಜಾಕೆಟ್ ಇಲ್ಲೇ ಕೊಳ್ಳಿ. ಸರ್ಕಾರಿ ಆರೋಗ್ಯ ಕಾರ್ಡ್ ಚಾಲ್ತಿಗೆ ಬರಲು ಮೂರು ತಿಂಗಳವರೆಗೆ ಹಿಡಿಯಬಹುದು, ಅಷ್ಟಕ್ಕೆ ಖಾಸಗಿ ವಿಮೆ ಮಾಡಿಸಿಕೊಂಡೇ ವಿಮಾನ ಹತ್ತಿ.

ಸರ್ಕಾರಿ ಶಾಲೆಯಾದರೆ ಫ್ರೆಂಚೇ. 1977ರ ಭಾಷಾ ಕಾನೂನು, ಇಲ್ಲಿನವರ ಬಾಯಲ್ಲಿ ಬಿಲ್ 101. ಅಪ್ಪ ಅಥವಾ ಅಮ್ಮ ಕೆನಡಾದಲ್ಲೇ ಪ್ರಾಥಮಿಕ ಶಾಲೆಯ ಬಹುಪಾಲನ್ನು ಇಂಗ್ಲಿಷಿನಲ್ಲಿ ಓದಿದ್ದರೆ ವಿನಾಯಿತಿ ಉಂಟು. ನಮ್ಮೂರ ಕಾನ್ವೆಂಟ್ ಲೆಕ್ಕಕ್ಕಿಲ್ಲ. ಭಾಷೆ ಬಾರದ ಮಕ್ಕಳನ್ನು ಸಾಮಾನ್ಯವಾಗಿ ಮೊದಲು ಸ್ವಾಗತ ತರಗತಿಯಲ್ಲಿ ಕೂರಿಸುತ್ತಾರೆ. ಮಕ್ಕಳು ಬೇಗ ಕಲಿಯುತ್ತಾರೆ, ಎಡವುವವರು ನಾವು. 2022ರ ಕಾನೂನಿನಂತೆ, ಬಂದು ಆರು ತಿಂಗಳಾದ ಮೇಲೆ ಪ್ರಾಂತ್ಯ ಸರ್ಕಾರದ ಪತ್ರವ್ಯವಹಾರ, ಆರೋಗ್ಯದಂಥ ಕೆಲವನ್ನು ಬಿಟ್ಟರೆ, ಫ್ರೆಂಚಿನಲ್ಲೇ. ಫ್ರೆಂಚ್ ಕಲಿಸುವ ಸರ್ಕಾರಿ ಸಂಸ್ಥೆ ಫ್ರಾನ್ಸಿಸೇಷನ್ ಕ್ವಿಬೆಕ್‌ನ ಉಚಿತ ತರಗತಿಗೆ ಮೊದಲ ವಾರವೇ ಹೆಸರು ಕೊಡಿ. ‘ಕೆಲಸ ಸಿಗಲಿ, ಆಮೇಲೆ ನೋಡೋಣ’ ಎಂದಿರೋ, ಶಾಲೆಯ ಸಭೆಯಲ್ಲಿ ಟೀಚರ್ ಹೇಳಿದ್ದನ್ನು ಮಗುವೇ ಕನ್ನಡಕ್ಕೆ ತಿರುಗಿಸಿ ಹೇಳಬೇಕು, ತನ್ನ ಮೇಲಿನ ದೂರನ್ನೂ ಸೇರಿಸಿ. ನಮ್ಮ ಮನೆಯಲ್ಲಿ ಆದದ್ದು ಅದೇ. ಇವತ್ತಿಗೂ ಚುಚ್ಚುತ್ತದೆ.

ಇನ್ನು ದೇಶ ಒಡೆಯುವ ಮಾತು. 1995ರ ಜನಮತಗಣನೆಯಲ್ಲಿ ಕ್ವಿಬೆಕ್ ಕೆನಡಾದಿಂದ ಬೇರೆಯಾಗುವುದು ಬೇಡ ಎಂದವರು ಶೇ 50.58, ಬೇಕೆಂದವರು ಶೇ 49.42. ಕೂದಲೆಳೆಯ ಸೋಲು, ಆದರೂ ದೇಶ ಉಳಿಯಿತು. ಜಗಳ ಯಾವಾಗಲೂ ಮತಪೆಟ್ಟಿಗೆಯೊಳಗೇ ಇತ್ತು ಎಂದಲ್ಲ. 1970ರಲ್ಲಿ ಪ್ರತ್ಯೇಕತಾವಾದಿ ಉಗ್ರರು ಪ್ರಾಂತ್ಯದ ಮಂತ್ರಿ ಪಿಯೆರ್ ಲಪೋರ್ಟ್ ಅವರನ್ನು ಅಪಹರಿಸಿ ಕೊಂದರು. ಆದರೆ ಅದೇ ಜಗಳ ತೀರಿಸಲು 1963ರಲ್ಲಿ ಕೂತ ಆಯೋಗ ಇಂಗ್ಲಿಷ್, ಫ್ರೆಂಚ್ ಎಂದು ಎರಡೇ ಸಂಸ್ಕೃತಿಗಳ ಲೆಕ್ಕ ಹಿಡಿದು ಹೊರಟಾಗ, ಉಕ್ರೇನ್ ಮೂಲದವರು ಮುಂತಾದವರು ತಾವೂ ಇದ್ದೇವೆಂದು ಪಟ್ಟು ಹಿಡಿದರು. 1969ರಲ್ಲಿ ಎರಡು ಅಧಿಕೃತ ಭಾಷೆಗಳ ಕಾಯ್ದೆ ಬಂತು, 1971ರಲ್ಲಿ ಬಹುಸಂಸ್ಕೃತಿ ನೀತಿ. ಇಂಗ್ಲಿಷ್, ಫ್ರೆಂಚ್ ಮಾತಿನವರಿಬ್ಬರೂ ಜಗಳವಾಡದೆ ಸುಮ್ಮನಿದ್ದಿದ್ದರೆ ನಮ್ಮಂಥ ಮೂರನೆಯವರ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ ಎಂದೇ ನನ್ನ ಲೆಕ್ಕ. ಈ ನೆಲದ ಮೂಲನಿವಾಸಿಗಳನ್ನು ಮಾತ್ರ ಇಬ್ಬರೂ ಹೊರಗೇ ನಿಲ್ಲಿಸಿದರು.

ಅಂಗಡಿಗೆ ಹೋದರೆ ಫ್ರೆಂಚ್ ನಮಸ್ಕಾರಕ್ಕೆ ಇಂಗ್ಲಿಷಿನದನ್ನು ಅಂಟಿಸಿದ ‘ಬೋಂಜೂರ್-ಹಾಯ್’ ಕೇಳಿಸುತ್ತದೆ. ‘ಬೋಂಜೂರ್’ ಒಂದೇ ಸಾಕು ಎಂದು 2017ರಲ್ಲಿ ಪ್ರಾಂತ್ಯದ ಶಾಸನಸಭೆ ಸರ್ವಾನುಮತದ ನಿರ್ಣಯ ಮಾಡಿತು. ‘ಹಾಯ್’ ಇನ್ನೂ ಹೋಗಿಲ್ಲ. ನೀವು ಬೋಂಜೂರ್ ಎಂದೇ ಶುರುಮಾಡಿ. ನಿಮ್ಮ ಉಚ್ಚಾರಣೆ ಕೇಳಿ ಎಷ್ಟೋ ಸಲ ಅವರೇ ಇಂಗ್ಲಿಷಿಗೆ ಹೊರಳುತ್ತಾರೆ. ಆಗಲೂ ಬಿಡಬೇಡಿ, ಬಂದಷ್ಟು ಫ್ರೆಂಚಿನಲ್ಲೇ ಬಿಲ್ ಕೇಳಿ.