ಅಣು ಒಂದೇ, ಕೆಲಸ ಏಕೆ ಬೇರೆ?

ಪ್ರಶ್ನೆ: ಇಲಿ ಭ್ರೂಣದ ಮುಮ್ಮೆದುಳು, ನಡುಮೆದುಳು ಎರಡನ್ನೂ ಎಫ್‌ಜಿಎಫ್-8 ಎಂಬ ಪ್ರೋಟೀನೇ ರೂಪಿಸುತ್ತದಂತೆ. ಒಂದೇ ಅಣು ಎರಡು ಕೆಲಸ ಮಾಡುವುದು ಹೇಗೆ? ಪ್ರಾಜೆಕ್ಟಿಗೆ ಇದನ್ನೇ ಆರಿಸಿಕೊಂಡರೆ ಎಲ್ಲಿ ಎಚ್ಚರ ಬೇಕು?
– ಎಂ.ಎಸ್ಸಿ. ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಗುಟ್ಟಿರುವುದು ಅಣುವಿನಲ್ಲಲ್ಲ, ಅದನ್ನು ಪಡೆಯುವ ಕೋಶದಲ್ಲಿ. ಶಿಮಾಮುರಾ ಮತ್ತು ರೂಬೆನ್‌ಸ್ಟೀನ್ ಎಂಬ ವಿಜ್ಞಾನಿಗಳು 1997ರಲ್ಲಿ ಇಲಿ ಭ್ರೂಣದ ನರಫಲಕವನ್ನು (ಮುಂದೆ ಮೆದುಳು, ಬೆನ್ನುಹುರಿಯಾಗುವ ಚಪ್ಪಟೆ ಪದರ) ಬಿಡಿಸಿ, ಎಫ್‌ಜಿಎಫ್-8ರಲ್ಲಿ ನೆನೆಸಿದ ಪುಟ್ಟ ಮಣಿಗಳನ್ನು ಅದರ ಮೇಲಿಟ್ಟರು. ಮುಂಭಾಗದಲ್ಲಿಟ್ಟಾಗ ಫಾಕ್ಸ್‌ಜಿ-1 ಎಂಬ ಮುಮ್ಮೆದುಳಿನ ಜೀನ್ ಚುರುಕಾಯಿತು. ನಡುಮೆದುಳಾಗಬೇಕಾದ ಕಡೆ ಇಟ್ಟಾಗ ಎನ್‌ಗ್ರೇಲ್ಡ್-2 ಎಂಬ ಇನ್ನೊಂದು ಜೀನ್ ಚುರುಕಾಯಿತು. ಮಣಿ ಬರುವ ಮೊದಲೇ ಆಯಾ ಜಾಗದ ಕೋಶಗಳಲ್ಲಿ ಬೇರೆ ಬೇರೆ ನಿಯಂತ್ರಕ ಪ್ರೋಟೀನುಗಳು ಸಿದ್ಧವಾಗಿದ್ದವು.

ಪ್ರಮಾಣವೂ ಅಷ್ಟೇ ಮುಖ್ಯ, ಪ್ರಾಜೆಕ್ಟುಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಎಫ್‌ಜಿಎಫ್-8ಕ್ಕೆ ಹಲವು ರೂಪಗಳಿವೆ. ‘ಬಿ’ ರೂಪ ಬಲು ಪ್ರಬಲ, ನಡುಮೆದುಳಿನ ಜಾಗವನ್ನೇ ಕಿರುಮೆದುಳಿನ ದಾರಿಗೆ ಎಳೆಯಬಲ್ಲದು. ‘ಎ’ ರೂಪದಿಂದ ನಡುಮೆದುಳು ಬರಿದೇ ಹಿಗ್ಗುತ್ತದೆ. ಕೋಳಿ ಭ್ರೂಣದಲ್ಲಿ ‘ಬಿ’ಯನ್ನು ನೂರು ಪಟ್ಟು ಇಳಿಸಿದಾಗ ಅದೂ ‘ಎ’ಯಂತೆಯೇ ನಡೆದುಕೊಂಡಿತು! ಹಾಗಾಗಿ ಪ್ರೋಟೀನು ತರಿಸುವಾಗ ರೂಪದ ಅಕ್ಷರವನ್ನು ನೋಡಿಯೇ ತರಿಸಿ. ಪ್ರೋಟೀನಿಲ್ಲದ ದ್ರಾವಣದಲ್ಲಿ ನೆನೆಸಿದ ಮಣಿಯನ್ನೂ ಪ್ರತಿ ಸಲ ಜೊತೆಗಿಡಿ. ಅದಿಲ್ಲದೆ ಮಣಿ ಇಡುವಾಗ ಆಗುವ ಗಾಯದ ಪರಿಣಾಮವನ್ನು ಅಣುವಿನ ಪರಿಣಾಮ ಎಂದುಕೊಳ್ಳುವಿರಿ.

ಇನ್ನು ಭ್ರೂಣದ ವಯಸ್ಸು. ಹೆಣ್ಣಿಲಿಯಲ್ಲಿ ಕೂಡಿದ ಗುರುತು ಕಂಡ ದಿನದ ಮಧ್ಯಾಹ್ನವನ್ನು 0.5ನೇ ದಿನ ಎಂದು ಎಣಿಸುವುದು ವಾಡಿಕೆ. ಆದರೆ ಒಂದೇ ಬಸಿರಿನ ಮರಿಗಳಲ್ಲೂ ಬೆಳವಣಿಗೆ ಹಿಂದುಮುಂದಾಗಿರುತ್ತದೆ. 8ನೇ ದಿನದ ಆಸುಪಾಸಿನಲ್ಲಿ ಕೆಲವೇ ಗಂಟೆಗಳಲ್ಲಿ ಕೋಶಗಳ ಸ್ಪಂದನೆ ಬದಲಾಗುವುದರಿಂದ ದಿನವನ್ನು ನಂಬಬೇಡಿ, ಪ್ರತಿ ಭ್ರೂಣದ ಸೋಮೈಟ್ (ಬೆನ್ನಿನುದ್ದಕ್ಕೂ ಜೋಡಿಜೋಡಿಯಾಗಿ ಮೂಡುವ ಅಂಗಾಂಶದ ತುಣುಕು) ಜೋಡಿಗಳನ್ನು ಎಣಿಸಿ ಬರೆದಿಡಿ. ಕೆಲಸಕ್ಕೆ ಮೊದಲು ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕೇ ಬೇಕು.

ಪ್ರಶ್ನೆ: ನಮ್ಮ ಆಡು ಹಣೆಯ ನಡುವೆ ಒಂದೇ ಕಣ್ಣಿರುವ ಸತ್ತ ಮರಿ ಹಾಕಿತು. ಗ್ರಹಣ ಕಾರಣವೇ?
– ಓದುಗರು, ಮಂಜೇಶ್ವರ

ಉತ್ತರ: ಖಂಡಿತ ಅಲ್ಲ. ಆರಂಭದಲ್ಲಿ ಕಣ್ಣಿನ ಜಾಗ ಒಂದೇ ಪಟ್ಟಿ. ಸೋನಿಕ್ ಹೆಡ್ಜ್‌ಹಾಗ್ ಎಂಬ ಅಣು ಅದನ್ನು ನಡುವೆ ಎರಡಾಗಿಸುತ್ತದೆ. 1996ರಲ್ಲಿ ಆ ಜೀನ್ ತೆಗೆದುಹಾಕಿದ ಇಲಿ ಭ್ರೂಣಗಳಲ್ಲಿ ಕಣ್ಣು ಬೇರೆಯಾಗಲಿಲ್ಲ, ಮುಮ್ಮೆದುಳೂ ಎರಡಾಗಿ ಸೀಳಲಿಲ್ಲ. ಅಮೆರಿಕದ ಐಡಾಹೋದಲ್ಲಿ ಬಸಿರಿನ 14ನೇ ದಿನದ ಸುಮಾರಿಗೆ ವೆರಾಟ್ರಮ್ ಗಿಡ ಮೇಯ್ದ ಕುರಿಗಳೂ ಇಂಥ ಮರಿಗಳನ್ನೇ ಹಾಕಿದ್ದವು. ಅದರ ವಿಷ ಇದೇ ಸಂಕೇತವನ್ನು ತಡೆಯುತ್ತದೆ. ಆ ಗಿಡ ನಮ್ಮ ಕಡೆಯದಲ್ಲ. ನಿಮ್ಮ ಆಡಿನಲ್ಲಿ ಜೀನ್ ದೋಷವೂ ಇರಬಹುದು. ಮುಂದೆ ಇಂಥ ಮರಿ ಹುಟ್ಟಿದರೆ ಹೂಳದೆ, ಮಂಜುಗಡ್ಡೆಯಲ್ಲಿಟ್ಟು ಪಶು ಆಸ್ಪತ್ರೆಗೆ ಒಯ್ಯಿರಿ. ಕೂಡಿಸಿದ ತಾರೀಕು, ಹೋತ ಯಾವುದು, ಕೊಟ್ಟ ಔಷಧಿ ಯಾವುದು ಎಂಬುದನ್ನೂ ವೈದ್ಯರಿಗೆ ತಿಳಿಸಿ.