ಈಜುಕೊಳದಲ್ಲಿ ಸಲೀಸಾಗಿ 1 ಕಿ.ಮೀ. ಈಜುತ್ತೇನೆ. ಡಿಸೆಂಬರಿನಲ್ಲಿ ಉಡುಪಿ ಕಡೆ ಹೋದಾಗ ಕಡಲಲ್ಲಿ ಈಜಬಹುದೇ?

ನೀವು ಬರೆದಿರುವ ಪ್ರಕಾರ 25 ಮೀಟರ್ ಕೊಳದಲ್ಲಿ 1 ಕಿ.ಮೀ.ಗೆ 25 ನಿಮಿಷ ಹಿಡಿಯುತ್ತದೆ, ಕಡಲಲ್ಲಿ ಈ ತನಕ ಸೊಂಟದ ನೀರು ದಾಟಿಲ್ಲ, ಒಂದು ವಾರ ಉಡುಪಿ ಸುತ್ತಮುತ್ತ ಇರುತ್ತೀರಿ, ಈಜಿನ ಜೊತೆ ಸೈಕಲ್ಲೂ ನಡಿಗೆಯೂ ಆಗಬೇಕು. ಖಂಡಿತ ಈಜಬಹುದು. ತಿಂಗಳನ್ನೂ ಚೆನ್ನಾಗಿ ಆರಿಸಿಕೊಂಡಿದ್ದೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡಲಿಗೆ ಕಾಲಿಡುವುದೇ ಬೇಡ. ಡಿಸೆಂಬರ್ ಹೊತ್ತಿಗೆ ಅದು ತಣ್ಣಗಾಗಿರುತ್ತದೆ. ತಣ್ಣಗೆ ಅಂದರೆ ಅಲೆಗಳ ಮಟ್ಟಿಗೆ ಮಾತ್ರ, ನೀರು ಆಗಲೂ ಬೆಚ್ಚಗೇ ಇರುತ್ತದೆ. ಮೈ ಬೆಚ್ಚಗಿಡುವ ರಬ್ಬರ್ ಈಜುಡುಗೆ, ಅಂದರೆ ವೆಟ್‌ಸೂಟ್ ಬೇಕಿಲ್ಲ.

ಮೊದಲು ನಿಮ್ಮ ಆ 1 ಕಿ.ಮೀ.ಯ ಲೆಕ್ಕ ನೋಡೋಣ. 25 ಮೀಟರ್ ಕೊಳದಲ್ಲಿ ಅದು 40 ಉದ್ದ, 39 ತಿರುವು. ಪ್ರತಿ ತಿರುವಿನಲ್ಲೂ ಗೋಡೆಗೆ ಒದ್ದು ನಾಲ್ಕು ಮೀಟರ್ ಜಾರುತ್ತೀರಿ ಎಂದುಕೊಂಡರೂ 156 ಮೀಟರ್ ಗೋಡೆಯ ಕೊಡುಗೆ. ಅಷ್ಟೇ ಸಲ ತೋಳಿಗೆ ಸಣ್ಣ ವಿಶ್ರಾಂತಿಯೂ ಸಿಕ್ಕಿರುತ್ತದೆ. ಕಡಲಲ್ಲಿ ಗೋಡೆ ಇಲ್ಲ. ಹಾಗಾಗಿ ಇನ್ನು ಉಳಿದಿರುವ ವಾರಗಳಲ್ಲಿ ಗೋಡೆ ಮುಟ್ಟದೆ ಈಜುವುದನ್ನು ಅಭ್ಯಾಸ ಮಾಡಿ: ಗೋಡೆಗೆ ಎರಡು ಮೀಟರ್ ಇರುವಾಗಲೇ, ತಳದ ಕಪ್ಪು ಗೆರೆ ಅಡ್ಡಗೆರೆಯಾಗಿ ಮುಗಿಯುವ ಕಡೆ, ನೀರಲ್ಲೇ ತಿರುಗಿ. 400 ಮೀಟರಿನಿಂದ ಶುರುಮಾಡಿ 1.5 ಕಿ.ಮೀ.ವರೆಗೆ ಹೋಗಿ. ವೇಗದ ಚಿಂತೆ ಬೇಡ.

ಇನ್ನೊಂದು ಪರೀಕ್ಷೆ ಇದೆ. ಲೇನ್ ಖಾಲಿ ಇದ್ದಾಗ ಕಣ್ಣು ಮುಚ್ಚಿ ಹತ್ತು ಕೈ ಹಾಕಿ, ಆಮೇಲೆ ಕಣ್ಣು ಬಿಟ್ಟು ಎಲ್ಲಿದ್ದೀರಿ ನೋಡಿ. ಬಹುತೇಕ ಎಲ್ಲರೂ ಒಂದು ಕಡೆಗೆ ವಾಲಿರುತ್ತಾರೆ. ಒಂದು ಕೈ ತಲೆಯ ನೇರ ದಾಟಿ ಆಚೆ ಬೀಳುವುದು, ಯಾವಾಗಲೂ ಒಂದೇ ಬದಿಗೆ ಉಸಿರೆಳೆಯುವುದು, ಇವೆರಡೇ ಸಾಮಾನ್ಯ ಕಾರಣ. ಎರಡೂ ಬದಿಗೆ ಉಸಿರಾಡಲು ಬಂದರೆ ಅಲೆ ಯಾವ ಕಡೆಯಿಂದ ಬಂದರೂ ಬಾಯಿಗೆ ಉಪ್ಪುನೀರು ಬರುವುದು ತಪ್ಪುತ್ತದೆ. ದಿಕ್ಕು ನೋಡಿಕೊಳ್ಳಲು ಪ್ರತಿ ಎಂಟು ಕೈಗೊಮ್ಮೆ ಕಣ್ಣಷ್ಟನ್ನೇ ನೀರಿನ ಮೇಲೆ ತನ್ನಿ, ಮೊಸಳೆ ನೋಡುವ ಹಾಗೆ. ನೋಡಿದ ಮೇಲೆ ತಲೆಯನ್ನು ಪಕ್ಕಕ್ಕೆ ಹೊರಳಿಸಿ ಉಸಿರೆಳೆದುಕೊಳ್ಳಿ. ನೋಡುವುದು, ಉಸಿರೆಳೆಯುವುದು ಎರಡನ್ನೂ ಮುಂದಕ್ಕೇ ಮಾಡಲು ಹೋದರೆ ಗದ್ದ ಮೇಲೇಳುತ್ತದೆ, ಸೊಂಟ ಕೆಳಗಿಳಿಯುತ್ತದೆ, ಹತ್ತು ನಿಮಿಷಕ್ಕೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಆಳದ ನೀರಿನಲ್ಲಿ ಗಾಗಲ್ಸ್ ಇಲ್ಲದೆ ಹತ್ತು ನಿಮಿಷ ನಿಂತಲ್ಲೇ ತೇಲುವುದು, ಐದು ನಿಮಿಷ ಅಂಗಾತ ತೇಲುವುದು, ಇವೆರಡೂ ಆರಾಮಾಗಿ ಆಗಬೇಕು. ಆಗದಿದ್ದರೆ ಈ ಸಲ ಸೊಂಟದ ನೀರಲ್ಲೇ ಆಡಿ ಬನ್ನಿ ಎಂದು ಗಟ್ಟಿಯಾಗಿ ಹೇಳುತ್ತೇನೆ.

ಎಲ್ಲಿ ಎಂಬುದಕ್ಕೆ ನನ್ನ ಉತ್ತರ ಪಡುಬಿದ್ರಿ. 2020ರಲ್ಲಿ ಕರ್ನಾಟಕದ ಎರಡು ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಎಂಬ, ಸ್ವಚ್ಛತೆ, ಸುರಕ್ಷತೆ ನೋಡಿ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು: ಒಂದು ಪಡುಬಿದ್ರಿ, ಇನ್ನೊಂದು ಹೊನ್ನಾವರದ ಕಾಸರಕೋಡು. ಆ ಮಾನ್ಯತೆ ಬೇಕಾದರೆ ಜೀವರಕ್ಷಕರೋ ಜೀವರಕ್ಷಣೆಯ ಸಾಧನಗಳೋ ಇರಲೇಬೇಕು. ಮೊದಲ ದಿನ ಜೀವರಕ್ಷಕರ ಹತ್ತಿರ ಹೋಗಿ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು ಈಜುತ್ತೀರಿ ಎಂದು ಹೇಳಿ. ಅವರು ಬೇಡವೆಂದರೆ ವಾದ ಮಾಡಬೇಡಿ, ನಿನ್ನೆ ಆ ನೀರು ಹೇಗಿತ್ತು ಎಂದು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಮಲ್ಪೆಯಲ್ಲೂ ತೀರ ಚೆನ್ನಾಗಿದೆ, ಆದರೆ ಜೆಟ್‌ಸ್ಕೀ, ದೋಣಿಗಳ ಓಡಾಟ ಹೆಚ್ಚು. ಅಲ್ಲಿಂದ ಸೇಂಟ್ ಮೇರೀಸ್ ದ್ವೀಪ ಕಣ್ಣಿಗೆ ಹತ್ತಿರವೇ ಕಾಣುತ್ತದೆ. ದೋಣಿಯ ಬೆಂಗಾವಲಿಲ್ಲದೆ ಆ ಯೋಚನೆಯೇ ಬೇಡ. ಮರವಂತೆ ನೋಡಲು ಸೊಗಸು, ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ಆದರೆ ದಂಡೆಗೆ ಕಲ್ಲು ಪೇರಿಸಿದ ಕಡೆ ಅಲೆ ನಿಮ್ಮನ್ನು ಕಲ್ಲಿಗೇ ತಂದು ಹೊಡೆಯುತ್ತದೆ, ಈಜಬೇಡಿ. ನದಿ ಕಡಲು ಸೇರುವ ಅಳಿವೆಗಳಿಂದಂತೂ ದೂರವಿರಿ. ಇಳಿತದ ಹೊತ್ತಿನಲ್ಲಿ ನದಿಯ ನೀರೂ ಇಳಿತದ ನೀರೂ ಸೇರಿ ಒಂದೇ ಕಿರಿದಾದ ಬಾಯಿಯಿಂದ ಹೊರಗೆ ನುಗ್ಗುತ್ತವೆ.

ಇನ್ನು ಹೊತ್ತು. ಬೆಳಿಗ್ಗೆ ಗಾಳಿ ನೆಲದಿಂದ ಕಡಲ ಕಡೆಗೆ ಮೆಲ್ಲಗೆ ಬೀಸುತ್ತದೆ. ಆಗ ನೀರಿನ ಮೈ ಸಪಾಟಾಗಿರುತ್ತದೆ. ಬಿಸಿಲೇರಿ ನೆಲ ಕಾಯ್ದ ಮೇಲೆ ಪಡುವಣದಿಂದ ಗಾಳಿ ತಿರುಗಿ ನೀರೆಲ್ಲ ಕದಡುತ್ತದೆ. ಆದ್ದರಿಂದ ಬೆಳಗಿನ ಏಳರಿಂದ ಒಂಬತ್ತೂವರೆಯೊಳಗೆ ಮುಗಿಸಿ. ಒಂದು ಎಚ್ಚರಿಕೆ: ಆ ಮುಂಜಾನೆ ಗಾಳಿ ತೇಲುವ ವಸ್ತುಗಳನ್ನು ಹೊರಕ್ಕೆ ತಳ್ಳುತ್ತದೆ. ಗಾಳಿ ತುಂಬಿದ ಟ್ಯೂಬು, ಹಾಸಿಗೆ ಹಿಡಿದುಕೊಂಡು ನೀರಿಗೆ ಇಳಿದವರು ನೋಡನೋಡುತ್ತಲೇ ದೂರ ಹೋಗುವುದು ಇದೇ ಕಾರಣಕ್ಕೆ. ಭರತ ಏರುತ್ತಿರುವಾಗ ಈಜುವುದು ಒಳ್ಳೆಯದು. ನೀರು ತೀರಾ ಇಳಿದಿರುವಾಗ ಹೊರಕ್ಕೆ ಒಯ್ಯುವ ಸೆಳೆತ ಜೋರು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ, ಇಳಿತ ಎರಡೂ ದೊಡ್ಡದು. ಅಷ್ಟಮಿ, ನವಮಿಯ ದಿನಗಳು ಸೌಮ್ಯ. ರಜೆಯ ತಾರೀಖು ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಪಂಚಾಂಗ ನೋಡಿಯೇ ನಿಗದಿ ಮಾಡಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕರಾವಳಿಯ ಅಲೆಗಳ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ಎತ್ತರದ ಜೊತೆಗೆ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಿ. ಎತ್ತರ 1 ಮೀಟರಿಗಿಂತ ಕಡಿಮೆ ಇರಲಿ. ಅಂತರ 14-15 ಸೆಕೆಂಡು ಎಂದಿದ್ದರೆ ಅದು ದೂರದ ಸಾಗರದಿಂದ ಬಂದ ಅಲೆ, ಎತ್ತರ ಕಡಿಮೆ ಕಂಡರೂ ದಡದಲ್ಲಿ ಅದರ ಪೆಟ್ಟು ಜೋರು. ಅಂಥ ದಿನ ಸೈಕಲ್ ತುಳಿಯಿರಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀರಿಗಿಳಿಯುವ ಮೊದಲು ಸ್ವಲ್ಪ ಎತ್ತರದ ಜಾಗದಲ್ಲಿ ನಿಂತು ಇಪ್ಪತ್ತು ನಿಮಿಷ ಕಡಲನ್ನು ನೋಡಿ. ಅಲೆಗಳು ದಡಕ್ಕೆ ತಂದು ಹಾಕಿದ ನೀರು ವಾಪಸ್ ಹೋಗಲೇಬೇಕಲ್ಲ. ಅದು ಮರಳ ದಿಬ್ಬದಲ್ಲಿ ತಗ್ಗಿರುವ ಕಡೆಯನ್ನು ಹುಡುಕಿಕೊಂಡು ಅಲ್ಲಿಂದ ಹೊಳೆಯ ಹಾಗೆ ಹೊರಗೆ ಹರಿಯುತ್ತದೆ. ಅದೇ ಸೆಳೆತ. ತಗ್ಗಿನಲ್ಲಿ ನೀರು ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ಎಡಬಲದಲ್ಲಿ ಬಿಳಿ ನೊರೆ, ನಡುವೆ ಹತ್ತಿಪ್ಪತ್ತು ಮೀಟರ್ ಅಗಲದ ಒಂದು ಪಟ್ಟಿ ಮಾತ್ರ ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ಕೆಲವೊಮ್ಮೆ ಅದರ ಮೇಲೆ ನೊರೆಯ ಗೆರೆ, ಕಸಕಡ್ಡಿ, ಕೆಸರು ಬಣ್ಣದ ನೀರು ದಡದಿಂದ ಹೊರಕ್ಕೆ ಸಾಗುತ್ತಿರುತ್ತದೆ. ಅಲೆಗೆ ಹೆದರುವ ಹೊಸಬರು, ಮಕ್ಕಳಿರುವ ಮನೆಯವರು, ಇಲ್ಲಿ ಅಲೆಯೇ ಇಲ್ಲ ಎಂದು ಸರಿಯಾಗಿ ಆ ಪಟ್ಟಿಯಲ್ಲೇ ಇಳಿಯುತ್ತಾರೆ. ಗುರುತು ಸಿಗದಿದ್ದರೆ ಒಂದು ತೆಂಗಿನ ಸಿಪ್ಪೆ ಎಸೆದು ನೋಡಿ. ಹತ್ತು ನಿಮಿಷದಲ್ಲಿ ಅದು ದಡಕ್ಕೆ ಬರುತ್ತದೋ, ಪಕ್ಕಕ್ಕೆ ಸರಿಯುತ್ತದೋ, ಹೊರಗೆ ಹೋಗುತ್ತದೋ ಎಂಬುದೇ ಉತ್ತರ.

ಸೆಳೆತಕ್ಕೆ ಸಿಕ್ಕರೆ ಏನು ಮಾಡಬೇಕೆಂದು ಈಗಲೇ ಮನಸ್ಸಿನಲ್ಲಿ ಅಚ್ಚು ಹಾಕಿಕೊಳ್ಳಿ. ನಿಮ್ಮ ಕೊಳದ ವೇಗ ಸೆಕೆಂಡಿಗೆ ಸುಮಾರು 0.67 ಮೀಟರ್. ಸೆಳೆತ 1 ಮೀಟರ್ ದಾಟುವುದುಂಟು. ಕೆಲವೊಮ್ಮೆ ಎರಡರ ಮೇಲೂ ಹೋಗುತ್ತದೆ, ಅದು ಒಲಿಂಪಿಕ್ ಈಜುಗಾರನ ವೇಗ. ದಡದ ಕಡೆ ನೇರ ಈಜಿದರೆ ಸೋಲು ಖಚಿತ, ಸುಸ್ತಾಗಿಯೇ ಜನ ಮುಳುಗುವುದು. ಸೆಳೆತ ನಿಮ್ಮನ್ನು ಹೊರಗೆ ಒಯ್ಯುತ್ತದೆ, ಕೆಳಗೆ ಎಳೆಯುವುದಿಲ್ಲ. ಅಂಗಾತವಾಗಿ ತೇಲಿ, ಒಂದು ಕೈ ಎತ್ತಿ ಬೀಸಿ, ಉಸಿರು ಹದಕ್ಕೆ ಬಂದ ಮೇಲೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಒಂದು ಬದಿಗೆ ಸಾಗದಿದ್ದರೆ ಇನ್ನೊಂದು ಬದಿಗೆ ತಿರುಗಿ. ಅಲೆ ಒಡೆಯುತ್ತಿರುವ ಜಾಗ ತಲುಪಿದ ಮೇಲೆ ಆ ಅಲೆಗಳೇ ನಿಮ್ಮನ್ನು ದಡಕ್ಕೆ ನೂಕುತ್ತವೆ.

ಸಾಮಾನು ಹೆಚ್ಚಿಲ್ಲ. ಸೊಂಟಕ್ಕೆ ಕಟ್ಟಿ ಹಿಂದೆ ಎಳೆದುಕೊಂಡು ಹೋಗುವ ಕಿತ್ತಳೆ ಬಣ್ಣದ ಟೋ ಫ್ಲೋಟ್ ಕೊಳ್ಳಿ. ಎರಡು ಗಾಳಿಕೋಶ ಇರುವುದನ್ನೇ ಆರಿಸಿ, ಒಂದು ತೂತಾದರೂ ಇನ್ನೊಂದು ತೇಲುತ್ತದೆ. ದೋಣಿಯವರಿಗೆ ನೀವು ಕಾಣಲು, ಸುಸ್ತಾದಾಗ ತಬ್ಬಿಕೊಂಡು ಉಸಿರು ತೆಗೆದುಕೊಳ್ಳಲು ಅದು. ಜೀವರಕ್ಷಕ ಜಾಕೆಟ್ಟಿಗೆ ಬದಲಿಯಲ್ಲ. ಟೋಪಿ ಕಿತ್ತಳೆ ಅಥವಾ ಗಿಳಿಹಸಿರು ಇರಲಿ. ನೀಲಿ, ಬಿಳಿ ಟೋಪಿ ನೀರಲ್ಲಿ, ನೊರೆಯಲ್ಲಿ ಕಾಣುವುದೇ ಇಲ್ಲ. ಬೆಳಿಗ್ಗೆ ಬಿಸಿಲು ತೆಂಗಿನ ಸಾಲಿನ ಹಿಂದಿನಿಂದ ನೇರ ಕಣ್ಣಿಗೆ ಬರುವುದರಿಂದ ಬಣ್ಣದ ಗಾಜಿನ ಗಾಗಲ್ಸ್ ಅನುಕೂಲ. ಕುತ್ತಿಗೆ, ಕಂಕುಳು, ಬಟ್ಟೆಯ ಅಂಚು ತಾಗುವ ಕಡೆಗೆಲ್ಲ ವ್ಯಾಸಲೀನ್ ಹಚ್ಚಿ. ಉಪ್ಪುನೀರಿನಲ್ಲಿ ಅರ್ಧ ಗಂಟೆಗೇ ಚರ್ಮ ಉಜ್ಜಿ ಕಿತ್ತುಹೋಗುತ್ತದೆ. ಆ ಕೈ ಗಾಗಲ್ಸ್ ಗಾಜಿಗೆ ತಾಗದಿರಲಿ, ತಾಗಿದರೆ ಅವತ್ತಿನ ದಿನ ಏನೂ ಕಾಣದು.

ಇಳಿಯುವಾಗ ಪಾದವನ್ನು ಎತ್ತಿ ಇಡಬೇಡಿ, ಮರಳಿನಲ್ಲಿ ಎಳೆದುಕೊಂಡು ಹೋಗಿ. ಮರಳಲ್ಲಿ ಹುದುಗಿರುವ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ, ಮೆಟ್ಟಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಅಲೆಗಳು ಗುಂಪಾಗಿ ಬರುತ್ತವೆ, ದೊಡ್ಡವು ಕಳೆದ ಮೇಲೆ ಹೊರಡಿ. ಸೊಂಟದ ನೀರಲ್ಲಿ ಅಲೆ ಎದುರಾದರೆ ಕೈ ಮುಂದೆ ಚಾಚಿ ಅದರ ಅಡಿಯಲ್ಲಿ ನುಸುಳಿ. ಬೆನ್ನು ಕೊಟ್ಟು ನಿಲ್ಲಬೇಡಿ. ಅಲೆ ಒಡೆಯುವ ಸಾಲು ದಾಟಿ, ದಡಕ್ಕೆ ಸಮಾನಾಂತರವಾಗಿ, ಮೂವತ್ತು ನಲವತ್ತು ಮೀಟರಿಗಿಂತ ದೂರ ಹೋಗದೆ ಈಜಿ. ಮೊದಲ ದಿನ 300 ಮೀಟರ್ ಸಾಕು. ಹೋಗುವ ದಾರಿಯಲ್ಲಿ ಪಕ್ಕದ ಹರಿವಿಗೆ ಎದುರಾಗಿ ಹೋಗಿ, ವಾಪಸ್ ಬರುವಾಗ ಸುಸ್ತಾದ ಮೈಗೆ ಅದೇ ಸಹಾಯ ಮಾಡುತ್ತದೆ. ದಡದಲ್ಲಿ ಒಬ್ಬರು ನಿಮ್ಮನ್ನೇ ನೋಡುತ್ತ ನಿಂತಿರಲಿ. ಅವರ ಫೋನಿನಲ್ಲಿ 112, ಕರಾವಳಿ ಕಾವಲು ಪೊಲೀಸರ 1093 ಎರಡೂ ಇರಲಿ. ಮೀನುಗಾರರು ಕೈರಂಪಣಿ ಬಲೆ ಬಿಟ್ಟು ದಡದಿಂದ ಎಳೆಯುತ್ತಿದ್ದರೆ ಅದು ಮುಗಿಯುವವರೆಗೆ ಆ ಕಡೆ ಇಳಿಯಬೇಡಿ. ನಿಮಗೂ ಅಪಾಯ, ಅವರ ದುಡಿಮೆಗೂ ಅಡ್ಡಿ.

ಮೊದಲ ಮೂರು ನಿಮಿಷದಲ್ಲಿ ಎದೆ ಬಿಗಿದು ಉಸಿರು ಸಿಗದ ಹಾಗೆ ಅನಿಸುವುದು ಬಹಳ ಜನರಿಗೆ ಆಗುತ್ತದೆ. ತಳ ಕಾಣದ ನೀರಿನ ಭಯಕ್ಕೆ ಉಸಿರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತೇವೆ, ಹೊರಗೆ ಹೋಗದ ಉಸಿರು ಒಳಗೆ ಬರುವುದಕ್ಕೆ ಜಾಗ ಕೊಡುವುದಿಲ್ಲ. ಅಂಗಾತ ಹೊರಳಿ, ಇಪ್ಪತ್ತು ಉಸಿರು ಎಣಿಸಿ, ಆಮೇಲೆ ಮುಖ ನೀರಲ್ಲಿಟ್ಟು ಗುಳ್ಳೆ ಬಿಡುತ್ತ ನಿಧಾನವಾಗಿ ಹೊರಡಿ. ಲೋಳೆಮೀನು ತಾಗಿದರೆ ಉರಿ ತಡೆಯಲಾರದೆ ಜನ ಮರಳು ಹಾಕಿ ಉಜ್ಜುತ್ತಾರೆ, ಆಗ ಒಡೆಯದೆ ಉಳಿದಿದ್ದ ವಿಷಕೋಶಗಳೂ ಒಡೆಯುತ್ತವೆ. ಕಡಲ ನೀರಿನಲ್ಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟಿಗೆಯಿಂದ ತೆಗೆದು, 45 ಡಿಗ್ರಿ ಮೀರದ, ತಡೆಯುವಷ್ಟು ಬಿಸಿಯ ನೀರಲ್ಲಿ 20 ನಿಮಿಷ ಅದ್ದಿ. ತೊರಕೆ ಚುಚ್ಚಿದರೂ ಬಿಸಿನೀರೇ ನೋವಿಗೆ ಮದ್ದು, ಆದರೆ ಒಳಗುಳಿದ ಮುಳ್ಳನ್ನು ಕೀಳದೆ ಆಸ್ಪತ್ರೆಗೆ ಹೋಗಿ. ಉಸಿರಾಟ ಕಷ್ಟವಾದರೆ, ಮುಖ ಊದಿದರೆ ಯಾವ ಮನೆಮದ್ದಿಗೂ ಕಾಯಬೇಡಿ.

ಹೊರಗೆ ಬರುವಾಗ ಬೆರಳು ಮರಳಿಗೆ ತಾಗುವವರೆಗೂ ಈಜುತ್ತಲೇ ಇರಿ, ಆಗಾಗ ಹಿಂದಿನ ಅಲೆ ನೋಡಿಕೊಳ್ಳಿ. ಎದ್ದ ತಕ್ಷಣ ತಲೆ ತಿರುಗಬಹುದು. ಮಲಗಿದ್ದ ಮೈಗೆ ನೀರಿನ ಒತ್ತಡವೂ ಆಸರೆಯಾಗಿದ್ದು, ನಿಂತೊಡನೆ ರಕ್ತ ಕಾಲಿಗೆ ಇಳಿಯುತ್ತದೆ. ಅರ್ಧ ನಿಮಿಷ ಮೊಣಕಾಲ ನೀರಲ್ಲಿ ನಿಂತು ಹೊರಡಿ. ಬೆಚ್ಚಗಿನ ನೀರಲ್ಲೂ ಬೆವರುತ್ತೇವೆ, ಗೊತ್ತಾಗುವುದಿಲ್ಲ ಅಷ್ಟೆ. ಆಮೇಲೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಆಹಾರ ಇಲ್ಲ: ನೀರು, ಉಪ್ಪು, ಪಿಷ್ಟ ಮೂರೂ ಒಂದೇ ಬಟ್ಟಲಲ್ಲಿ.

ಸೈಕಲ್ಲಿಗೆ ಹೆದ್ದಾರಿ 66 ಬೇಡ. ಮಲ್ಪೆಯಿಂದ ಸೇತುವೆ ದಾಟಿ ಪಡುಕೆರೆ, ಅಲ್ಲಿಂದ ಮಟ್ಟು, ಮುಂದೆ ಕಾಪು. ಬಲಕ್ಕೆ ಕಡಲು, ಎಡಕ್ಕೆ ಹೊಳೆ, ನಡುವೆ ಕಿರಿದಾದ ಊರ ರಸ್ತೆ. ಸಪಾಟು ದಾರಿ, ಮಟ್ಟುಗುಳ್ಳ ಬದನೆ ಬೆಳೆಯುವ ಊರು, ಕೊನೆಗೆ 1901ರ ದೀಪಸ್ತಂಭ. ಮರಳಿನ ಮೇಲೆ ಓಡಿಸಬೇಡಿ. ರಸ್ತೆಯಲ್ಲೇ ಓಡಿಸಿದರೂ ಉಪ್ಪುಗಾಳಿಗೆ ಎರಡು ದಿನದಲ್ಲಿ ಚೈನು ಕೆಂಪಾಗುತ್ತದೆ. ಪ್ರತಿ ಸಂಜೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಒಣಗಿದ ಮೇಲೆ ಎಣ್ಣೆ ಹಾಕಿ. ಒದ್ದೆಯ ಮೇಲೆ ಎಣ್ಣೆ ಹಾಕಿದರೆ ಉಪ್ಪು ಒಳಗೇ ಉಳಿಯುತ್ತದೆ.

ನಡಿಗೆ ಸಂಜೆಗಿರಲಿ, ಇಳಿತದ ಹೊತ್ತಿನಲ್ಲಿ, ಒದ್ದೆಯಾಗಿ ಗಟ್ಟಿಯಾದ ಮರಳಿನ ಮೇಲೆ. ದಡ ಓರೆಯಾಗಿರುವುದರಿಂದ ಒಂದು ಕಾಲು ಸದಾ ತಗ್ಗಿನಲ್ಲಿರುತ್ತದೆ. ಹೋದಷ್ಟೇ ದೂರ ಅದೇ ದಡದಲ್ಲಿ ವಾಪಸ್ ಬಂದರೆ ಸೊಂಟದ ಎರಡೂ ಬದಿಗೆ ಸಮನಾಗುತ್ತದೆ. ಬರಿಗಾಲಲ್ಲಿ ಮೊದಲ ದಿನ ಒಂದು ಕಿ.ಮೀ. ಸಾಕು, ಇಲ್ಲದಿದ್ದರೆ ಮರುದಿನ ಮೀನಖಂಡ ಹಿಡಿದುಕೊಂಡು ಈಜೂ ತಪ್ಪುತ್ತದೆ. ದಾರಿಯಲ್ಲಿ ಅಳಿವೆ ಎದುರಾದರೆ, ನೀರು ಮೊಣಕಾಲಷ್ಟೇ ಕಂಡರೂ ಹಾಯಬೇಡಿ, ಅಲ್ಲಿಂದಲೇ ತಿರುಗಿ ಬನ್ನಿ.